ಶಹರದ ನೊಣಗಳಿಗೆ ಆಮಂತ್ರಣ

ಆಳಂದದ ಆ ಓಣಿಯಲ್ಲಿ ಅಣ್ಣಾರಾಯನಷ್ಟು ಉರ್ದು ಬಲ್ಲವರು ಇನ್ನೊಬ್ಬರಿಲ್ಲ ಎಂಬ ಮಾತು ಪ್ರಚಾರದಲ್ಲಿತ್ತು. ಪ್ರಚಾರ ಮಾಡಿದವನು ಅಣ್ಣಾರಾಯನೇ. ಪಕ್ಕದ ಮನೆಯ ಹಕೀಮ ಯಾಕೂಬಸಾಬರು ಮನಸ್ಸು ಮಾಡಿದ್ದರೆ ಅಲ್ಲಗಳೆಯಬಹುದಿತ್ತು. ಆದರೆ ಅವರು ದೊಡ್ಡ ಮನುಷ್ಯರು, ನೆರೆಯವನ ಸಂತೋಷಕ್ಕೆ ಅಡ್ಡ ಬರುವವರಲ್ಲ.

ನಿಜಾಮರ ಆಡಳಿತ, ಕಚೇರಿಯ ಕಾಗದಪತ್ರವೆಲ್ಲ ಉರ್ದುವಿನಲ್ಲಿ ಓಡಾಡುತ್ತಿದ್ದ ಕಾಲ. ಅಣ್ಣಾರಾಯ ಕಚೇರಿಯಲ್ಲಿ ಕಾರಕೂನ. ಓಣಿಯ ಯಾರ ಮನೆಗೆ ನೋಟೀಸು ಬಂದರೂ ಅದು ಮೊದಲು ಅವನ ಕಟ್ಟೆಗೇ ಬರುತ್ತಿತ್ತು. ಅವನು ರುಮಾಲು ಸರಿಪಡಿಸಿಕೊಂಡು, ಕಾಗದವನ್ನು ಸೂರ್ಯನಿಗೆ ಹಿಡಿದು, ಗಂಭೀರವಾಗಿ ಓದುವನು. ಅವನ ಉರ್ದು ಅರ್ಜಿಯ ಮೇಲಿನ ಸಲಾಮಿನಿಂದ ಹೊರಟು ಕೆಳಗಿನ ಸಹಿಯ ತನಕ ಸುಖವಾಗಿ ಸಾಗುತ್ತಿತ್ತು. ನಡುವೆ ಗೊತ್ತಿಲ್ಲದ ಶಬ್ದ ಎದುರಾದರೆ ಆ ಜಾಗದಲ್ಲಿ ಅವನಿಗೆ ಕೆಮ್ಮು ಬರುತ್ತಿತ್ತು. (ಪಾಪ, ಹಕೀಮರು ಆ ಕೆಮ್ಮಿಗೆ ಎರಡು ಸಲ ಔಷಧಿಯನ್ನೂ ಕೊಟ್ಟಿದ್ದರು.)

ಹೊರಗೆ ಇಷ್ಟು ಮರ್ಯಾದೆ ಇದ್ದ ಈ ವಿದ್ವಾಂಸನಿಗೆ ಮನೆಯೊಳಗೆ ಕವಡೆ ಕಿಮ್ಮತ್ತು ಇಲ್ಲದಂತಾಗಿತ್ತು. ಕಾರಣ, ಒಂದು ಕುಂಬಳದ ಬಳ್ಳಿ.

ಅದು ಬರೀ ಬಳ್ಳಿಯಲ್ಲ. ಹೆಂಡತಿ ಕಸ್ತೂರಿಬಾಯಿಯ ತೌರು ಭೀಮೆಯ ದಂಡೆಯ ಮಣ್ಣೂರು. ಅವಳ ಅವ್ವ ಹೋದ ವರ್ಷ ಯುಗಾದಿಯ ಮುಂದೆ ತೀರಿಕೊಂಡಳು. ತೀರಿಕೊಳ್ಳುವ ಮೊದಲು ಮಗಳ ಸೆರಗಿನ ತುದಿಗೆ ಐದು ಕುಂಬಳದ ಬೀಜ ಗಂಟು ಹಾಕಿ, "ಇದರ ಕಾಯಿಗೆ ಬೆಲ್ಲ ಬ್ಯಾಡ ಮಗಳ" ಎಂದಿದ್ದಳು. ಅಷ್ಟು ಸಿಹಿ. ಆ ಕಾಯಿ ಹಾಕಿ ಕರಿದ ಗಾರಿಗೆ ತಿಂದು ಬೆಳೆದ ಹುಡುಗಿ ಕಸ್ತೂರಿಬಾಯಿ. ತೌರಿನಲ್ಲಿ ಈಗ ಆ ಬಳ್ಳಿ ಹಾಕುವವರಿಲ್ಲ, ಬೀಜವೂ ಉಳಿದಿಲ್ಲ. ಇವಳ ಐದರಲ್ಲಿ ಎರಡನ್ನು ಇರುವೆ ಒಯ್ದವು. ಒಂದು ಮೊಳೆಯಲೇ ಇಲ್ಲ. ಒಂದು ಮೊಳೆತು ಎರಡು ಎಲೆ ಬಿಟ್ಟಾಗ ಅದರ ಮೇಲೆ ಯಾರೋ ಕಾಲಿಟ್ಟರು. (ಯಾರು ಎಂಬುದು ಮನೆಯಲ್ಲಿ ಮೂರು ದಿನ ಚರ್ಚೆಯಾಯಿತು. ಆ ಮನೆಯಲ್ಲಿ ಇದ್ದವರು ಇಬ್ಬರೇ.) ಉಳಿದ ಒಂದು ಬೀಜ ಹಿತ್ತಲ ಗೋಡೆ ಹಿಡಿದು ಮೇಲೇರಿ, ಮಾಳಿಗೆ ಮುಟ್ಟಿ, ಮೈತುಂಬ ಹೂ ಬಿಟ್ಟಿತು.

ಹೂವೇನೋ ಬಿಟ್ಟಿತು, ಕಾಯಿ ನಿಲ್ಲಲಿಲ್ಲ. ಹೂವಿನ ಬುಡದಲ್ಲಿ ಗೋಲಿಯಷ್ಟು ಹಸಿರು ಕಾಯಿ ಕಾಣುವುದು. ಕಸ್ತೂರಿಬಾಯಿ ನಾಲ್ಕು ದಿನ ಅದರ ಮುಖ ನೋಡಿ ನೋಡಿ ನಗುವಳು. ಐದನೆಯ ದಿನ ಅದು ಹಳದಿಯಾಗಿ ಉದುರುವುದು. ಹೀಗೆ ಆರು ಉದುರಿದವು. ಒಂದೇ ಒಂದು ಕಾಯಿ ಬಲಿತು ಹಣ್ಣಾದರೆ ಸಾಕಿತ್ತು, ಬೀಜ ಉಳಿಯುತ್ತಿತ್ತು. ಇಲ್ಲದಿದ್ದರೆ ಅವ್ವನ ಕುಂಬಳ ಅಲ್ಲಿಗೆ ಮುಗಿಯಿತು.

ಅಣ್ಣಾರಾಯನಿಗೂ ಆ ಬಳ್ಳಿಯ ಮೇಲೆ ಪ್ರೀತಿಯಿತ್ತು, ಆದರೆ ಅದು ಬೇರೆ ಜಾತಿಯದು. ಸಂಜೆ ಕಚೇರಿಯಿಂದ ಬಂದವನೇ ಬಳ್ಳಿಯ ಕೆಳಗೆ ಹೊರಸು ಹಾಕಿಕೊಂಡು ಅಂಗಾತ ಮಲಗಿ ಕನಸು ಕಾಣುವುದು ಅವನ ಖಾಸಗಿ ಉದ್ಯೋಗ. ಎಲೆಗಳ ಸಂದಿಯಿಂದ ಇಳಿಯುವ ಬೆಳಕು, ಮೇಲೆ ತೇಲುವ ಮೋಡ, ತನಗೆ ಬರಲಿರುವ ಬಡ್ತಿ, ಎಲ್ಲ ಒಂದಕ್ಕೊಂದು ಬೆರೆತು ಕಣ್ಣು ತೂಗುವವು. ಈ ಸ್ವರ್ಗಕ್ಕೆ ಒಂದೇ ಕೊರತೆ, ಸೊಳ್ಳೆ. ಅದಕ್ಕೇ ದಿನಾ ಸಂಜೆ ಹೊರಸಿನ ಮೇಲಿಂದ ಹುಕುಂ ಹೊರಡುತ್ತಿತ್ತು:

"ಏ ಕಸ್ತೂರಿ, ಬೇವಿನ ತಪ್ಪಲಾ ಹಚ್ಚು!"

ಅವಳು ಗೋಡೆಯ ಬುಡದಲ್ಲಿ ಕುಳ್ಳಿನ ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು ಹಾಕುವಳು. ಹೊಗೆ ಎದ್ದು ಬಳ್ಳಿಯನ್ನೆಲ್ಲ ಸುತ್ತಿಕೊಳ್ಳುವುದು. ಒಮ್ಮೆ ಹಚ್ಚಿದ್ದು ಮರುದಿನ ಹೊತ್ತೇರುವ ತನಕ ಹೊಗೆಯಾಡುತ್ತಲೇ ಇರುತ್ತಿತ್ತು.

ಆರನೆಯ ಕಾಯಿ ಉದುರಿದ ದಿನ ಕಸ್ತೂರಿಬಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಗಂಡನ ಮುಂದೆ ನಿಂತಳು.

"ಊರ ಮಂದೀದೆಲ್ಲಾ ಕಾಗದಾ ಓದ್ತೀರಿ. ಮನ್ಯಾಗ ಒಂದ ಕಾಯಿ ಯಾಕ ನಿಲ್ವಲ್ದು ಅಂತ ಯಾರನ್ನರ ಕೇಳಬಾರ್ದೇನ್ರಿ?"

ಅಣ್ಣಾರಾಯ ಹಕೀಮರಲ್ಲಿಗೆ ಹೋದ. ಗಳಿಗೆ ಚೆನ್ನಾಗಿರಲಿಲ್ಲ. ಸಾವಿರ ಜನರ ನೋವು ಕಳೆದ ಹಕೀಮರು ತಮ್ಮದೇ ದವಡೆ ಹಲ್ಲಿನ ಕೈಗೆ ಸಿಕ್ಕು, ಗಲ್ಲ ಊದಿಸಿಕೊಂಡು, ತಲೆಗೂ ಗದ್ದಕ್ಕೂ ಸೇರಿಸಿ ಬಟ್ಟೆ ಬಿಗಿದುಕೊಂಡು ಕೂತಿದ್ದರು. ಅಳಿಯನ ಊರಾದ ಜೇವರ್ಗಿಯಲ್ಲಿ ಹಲ್ಲು ಕೀಳುವವನೊಬ್ಬ ಇದ್ದಾನಂತೆ; ಅಲ್ಲಿಗೆ ಹೊರಟಿದ್ದರು. ಅವರ ಬೇಗಂ ಹಮೀದಾಬೇಗಂ ಗಂಟು ಕಟ್ಟುತ್ತಿದ್ದರು. ಅಣ್ಣಾರಾಯ ಬಳ್ಳಿಯ ಕಥೆಯನ್ನೆಲ್ಲ ಹೇಳಿದ. ಹಕೀಮರು ಕಣ್ಣು ಮುಚ್ಚಿ ಕೇಳಿದರು, ಬಾಯಿ ತೆರೆಯಲು ನೋಡಿದರು, "ಊಂ" ಎಂದು ನರಳಿದರು. ಕೊನೆಗೆ ಲೇಖನಿ ತೆಗೆದುಕೊಂಡು ಚೀಟಿಯ ಮೇಲೆ ಮೂರು ಸಾಲು ಗೀಚಿ ಕೈಗಿಟ್ಟು, ಮೋಟಾರು ಹತ್ತಲು ನಡೆದರು.

ಹಕೀಮರ ಕೈಬರಹ ಆಳಂದದಲ್ಲಿ ಹೆಸರುವಾಸಿ. ಕೂದಲುದುರುವುದಕ್ಕೆ ಅವರು ಬರೆದ ಎಣ್ಣೆಯನ್ನು ಅಂಗಡಿಯವನು ಗುಲ್ಕಂದ ಎಂದು ಓದಿ ಕೊಟ್ಟಿದ್ದ. ಆ ಮನುಷ್ಯ ಬೋಳಾದರೂ ಬಹಳ ಸಂತೋಷದಿಂದಿದ್ದ. ಅಂಥ ಬರಹವನ್ನು ಅಣ್ಣಾರಾಯ ಹಿತ್ತಲಿಗೆ ತಂದು ಸೂರ್ಯನಿಗೆ ಹಿಡಿದ. ಎರಡು ಸಲ ಕೆಮ್ಮಿದ. ಆಮೇಲೆ ಅವನ ಮುಖ ಬೆಳಗಿತು.

"ಸಿಕ್ತು! ಮೂರು ಮಾತು ಬರದಾರ. ಮೊದಲನೇದ್ದು, ಶಹರ್ ಕೀ ಮಖ್ಖಿಯೋಂ ಕೋ ಬುಲಾವ್. ಅಂದ್ರ, ಶಹರದ ನೊಣಾ ಕರಸ್ರಿ."

"ನೊಣಾ?"

"ಶಹರದ ನೊಣಾ."

"ಯಾಕ, ನಮ್ಮ ಮನ್ಯಾಗಿನ ನೊಣಾ ಸಾಲಂಗಿಲ್ಲೇನ್ರಿ? ಬೆಲ್ಲದ ಗಡಿಗಿ ಮುಚ್ಚಳ ತಗದ್ರ ಬೇಕಾದಷ್ಟ ಬರ್ತಾವ."

"ಅವು ಊರ ನೊಣಾ ಕಸ್ತೂರಿ. ಅವಕ್ಕ ಸಗಣಿ ಗೊತ್ತು, ಹೂವಿನ ರೀತಿ-ರಿವಾಜ ಏನ ಗೊತ್ತು? ಎರಡನೇದ್ದು, ತಾಟಿನ್ಯಾಗ ನೀರ ಹಾಕಿ ಹರಳ ಇಡ್ರಿ."

"ನೊಣಕ್ಕ ಜಳಕಾನೂ ಮಾಡಸ್ಬೇಕ?"

"ಶಹರದಿಂದ ಬರ್ತಾವ. ಹಾದಿ ಧೂಳಾ ಇರ್ತದ." ಅಣ್ಣಾರಾಯನಿಗೆ ಎಲ್ಲ ಸ್ಪಷ್ಟವಾಗುತ್ತ ಹೋಯಿತು. "ಮೂರನೇದ್ದು, ದುವಾ ಮತ್ ಕರೋ. ದೇವರಿಗೆ ಬೇಡ್ಕೋಬ್ಯಾಡ್ರಿ."

ಕಸ್ತೂರಿಬಾಯಿ ಸೊಂಟದ ಮೇಲೆ ಕೈಯಿಟ್ಟಳು. ಅವಳು ಆಗಲೇ ಘತ್ತರಗಿಯ ಭಾಗ್ಯವಂತಿಗೆ ಮೊದಲ ಕಾಯಿಯ ಗಾರಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದಳು. ದಿನಾ ಬೆಳಿಗ್ಗೆ ಬಳ್ಳಿಯ ಮುಂದೆ ಕೈಮುಗಿದು ಅದನ್ನು ನೆನಪಿಸುತ್ತಲೂ ಇದ್ದಳು.

"ಐದು ಹೊತ್ತು ನಮಾಜ ತಪ್ಪಸದ ಹಕೀಮರು ದುವಾ ಬ್ಯಾಡ ಅಂತ ಬರದಾರ? ಸರಿ ಓದ್ರಿ. ಇಲ್ಲಾಂದ್ರ ಮತ್ತೊಬ್ಬರಿಗೆ ತೋರಸ್ರಿ."

"ಮತ್ತೊಬ್ಬರಿಗಾ?" ಅಣ್ಣಾರಾಯನ ರುಮಾಲು ಅಲುಗಿತು. "ನನ್ನ ಉರ್ದುಕ್ಕ ಮತ್ತೊಬ್ಬರ ಸಾಕ್ಷಿ ಬೇಕೇನು? ತಿಳಕೋ. ಇದು ಔಷಧಿ. ಔಷಧಿನೂ ಮಾಡಿ ದೇವರಿಗೂ ಬೇಡಿಕೊಂಡ್ರ, ಗುಣಾ ಯಾರಿಂದ ಬಂತು ಅಂತ ಹಕೀಮರಿಗೆ ಹ್ಯಾಂಗ ತಿಳೀಬೇಕು?"

ಅವ್ವನ ಬೀಜದ ಸಲುವಾಗಿ ಅವಳು ಆ ಮಾತನ್ನೂ ನುಂಗಿದಳು, ಕೈಮುಗಿಯುವುದನ್ನು ನಿಲ್ಲಿಸಿದಳು. (ಮನಸ್ಸಿನಲ್ಲೇ ದೇವಿಗೆ, ಸ್ವಲ್ಪ ದಿನ ಸಿಟ್ಟಾಗಬೇಡ ತಾಯಿ, ಎಂದು ಹೇಳಿಕೊಂಡಳು. ಅದು ಬೇಡಿಕೆಯ ಲೆಕ್ಕಕ್ಕೆ ಬರುವುದಿಲ್ಲ.) ಹಿತ್ತಾಳೆಯ ತಾಟಿನಲ್ಲಿ ನೀರು ಹಾಕಿ, ಹರಳಿಟ್ಟು, ಬಳ್ಳಿಯ ಪಕ್ಕದಲ್ಲಿ ಇಟ್ಟಳು.

ಆ ಸಂಜೆ ಹೊರಸಿನ ಮೇಲೆ ಅಣ್ಣಾರಾಯನಿಗೆ ಬಹಳ ಸೊಗಸಾದ ಕನಸು ಬಿತ್ತು. ಕಲಬುರ್ಗಿಯಿಂದ ಟಾಂಗಾ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದೆ. ಅದರಿಂದ ನೊಣಗಳು ಒಂದೊಂದಾಗಿ ಇಳಿಯುತ್ತಿವೆ. ಮೈಗೆ ಕರಿಯ ಶೇರವಾನಿ, ಕಾಲಿಗೆ ಬೂಟು. ತಾಟಿನ ನೀರಲ್ಲಿ ಮುಖ ತೊಳೆದು, ಅವನಿಗೆ ಬಾಗಿ ಸಲಾಮು ಮಾಡಿ, ಹಳದಿ ಹೂಗಳ ಒಳಗೆ ಗಾದಿಯ ಮೇಲೆ ಕೂಡುವಂತೆ ಕೂತವು. ಕೂತಲ್ಲೆಲ್ಲ ಕುಂಬಳಕಾಯಿ ಉಬ್ಬತೊಡಗಿದವು. ಉಬ್ಬಿ ಉಬ್ಬಿ ಬಳ್ಳಿಯಿಂದ ಇಳಿದು, ಸಾಲುಗಟ್ಟಿ, ಭೀಮೆಯ ಕಡೆಗೆ ತಾವೇ ಉರುಳುತ್ತ ಹೊರಟವು. ಮುಂದಿನ ಕಾಯಿಯ ಮೇಲೆ ಕಸ್ತೂರಿಬಾಯಿ ಕೂತು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು! ಎಚ್ಚರವಾದಾಗ ಅಣ್ಣಾರಾಯ ಕಣ್ಣೊರೆಸಿಕೊಂಡ. ಹೊಗೆಯಿಂದ ಇರಬೇಕು ಎಂದುಕೊಂಡ.

ಮರುವಾರ ಕಚೇರಿಯ ಕೆಲಸಕ್ಕೆಂದು ಕಲಬುರ್ಗಿಗೆ ಹೋದವನು, ಕೆಲಸ ಮುಗಿಸಿ ಬಜಾರಿನ ಮಿಠಾಯಿ ಅಂಗಡಿಯ ಹಿಂದುಗಡೆ ನಿಂತ. ಮುಚ್ಚಳದ ಬುಟ್ಟಿಯಲ್ಲಿ ನಾಲ್ಕು ಜಿಲೇಬಿ ಇಟ್ಟು ಕಾದ. ಶಹರದ ಪ್ರಜೆಗಳು ತಡಮಾಡಲಿಲ್ಲ. ಬುಟ್ಟಿ ತುಂಬಿದಾಗ ಮುಚ್ಚಳ ಹಾಕಿ, ಸಂದಿಗಳಿಂದ ಹಾರದಂತೆ ತನ್ನ ರುಮಾಲನ್ನೇ ಬಿಚ್ಚಿ ಸುತ್ತಿದ. ಹದಿನೆಂಟು ವರ್ಷದ ನೌಕರಿಯಲ್ಲಿ ಅಣ್ಣಾರಾಯ ಬರಿದಲೆಯಲ್ಲಿ ಮೋಟಾರು ಹತ್ತಿದ್ದು ಅದೇ ಮೊದಲು.

ಪಕ್ಕದಲ್ಲಿ ಕೂತ ಮಾದನಹಿಪ್ಪರಗಿಯ ಮುದುಕಿ ಬುಟ್ಟಿಯ ಕಡೆ ಕಿವಿಗೊಟ್ಟಳು.

"ಯಪ್ಪಾ, ನಿಮ್ಮ ಬುಟ್ಟಿ ಯಾಕ ಗುಂಯ್ ಅಂತದ?"

"ಒಳಗ ಸರಕಾರಿ ಕಾಗದ ಅದಾವಬೇ."

"ಕಾಗದಾ ಗುಂಯ್ ಅಂತಾವೇನ್ರಿ?"

"ಉರ್ದು ಕಾಗದ."

ಮುದುಕಿಗೆ ಅದು ಸರಿಯೆನಿಸಿತು. ಆದರೂ ಸ್ವಲ್ಪ ದೂರ ಸರಿದು ಕೂತಳು.

ಮರುದಿನ ಬೆಳಗಾಗುವ ಹೊತ್ತಿಗೆ, ಕುಂಬಳದ ಹೂಗಳು ಅರಳಿ ಹಿತ್ತಲೆಲ್ಲ ಹಳದಿ ದೀಪ ಹಚ್ಚಿಟ್ಟಂತಿದ್ದಾಗ, ಅಣ್ಣಾರಾಯ ಜಳಕ ಮಾಡಿ, ಬುಟ್ಟಿಯನ್ನು ಬಳ್ಳಿಯ ಕೆಳಗಿಟ್ಟು, ರುಮಾಲು ಬಿಚ್ಚಿದ. ಕಸ್ತೂರಿಬಾಯಿ ಉಸಿರು ಹಿಡಿದು ನಿಂತಿದ್ದಳು. ಅಂದು ಅರಳಿದ ಹೂಗಳಲ್ಲಿ ಒಂದರ ಬುಡದಲ್ಲಿ ಪುಟ್ಟ ಕಾಯಿಯೂ ಇತ್ತು.

ಶಹರದ ನೊಣಗಳು ಮೇಲೆದ್ದವು. ಹಿತ್ತಲನ್ನು ಒಂದು ಸುತ್ತು ನೋಡಿದವು. ಹೂವಿನ ಕಡೆ ಮುಖ ಕೂಡ ತಿರುಗಿಸದೆ, ಮಲಗುವ ಮನೆ ದಾಟಿ, ಸೀದಾ ಅಡುಗೆಮನೆಗೆ ನಡೆದು ಹಾಲಿನ ಗಡಿಗೆಯ ಮೇಲೆ ಬಿಡಾರ ಹೂಡಿದವು. ಹತ್ತೆಂಟು ಮಾತ್ರ ಕೃತಜ್ಞತೆ ಇದ್ದವು. ಅವು ಅಣ್ಣಾರಾಯನ ಬೋಳುತಲೆಯ ಮೇಲೆ ಕೂತವು.

"ರೀತಿ-ರಿವಾಜ ಭಾಳ ಛಲೋ ಅದ ನೋಡ್ರಿ!" ಒಳಗಿನಿಂದ ಕಸ್ತೂರಿಬಾಯಿಯ ದನಿ, ಜೊತೆಗೆ ಬೀಸಣಿಗೆಯ ಪಟಪಟ. "ಹಾಲಿನ್ಯಾಗೇ ಜಳಕಾ ಮಾಡಾಕತ್ತಾವ!"

ಮೂರು ದಿನ ಆ ಮನೆಯಲ್ಲಿ ಬಾಯಿ ತೆರೆದು ಉಣ್ಣುವಂತಿರಲಿಲ್ಲ. ಅಣ್ಣಾರಾಯ ಸಂಜೆಯ ಹುಕುಮನ್ನು ಬೆಳಿಗ್ಗೆಗೂ ಹೆಚ್ಚಿಸಿದ: "ಬೇವಿನ ತಪ್ಪಲಾ ಹಚ್ಚು! ಅಲ್ಲೊಂದು, ಇಲ್ಲೊಂದು!" ಹೊಗೆಯಲ್ಲಿ ಗಂಡನಿಗೆ ಹೆಂಡತಿ ಕಾಣದಾದಳು. ನೊಣಗಳು ಕೆಮ್ಮದೆ ಸುಖವಾಗಿದ್ದವು. ಐದನೆಯ ದಿನ ಆ ಪುಟ್ಟ ಕಾಯಿ ಹಳದಿಯಾಗಿ ಬಿತ್ತು.

ಅದನ್ನು ಎತ್ತಿಕೊಂಡ ಕಸ್ತೂರಿಬಾಯಿ ಬೈಯಲಿಲ್ಲ. ಬೈದಿದ್ದರೆ ಅಣ್ಣಾರಾಯನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಗೋಡೆಗೆ ಒರಗಿ ಕೂತು, ಸೆರಗಿನ ತುದಿ ಹಿಡಿದುಕೊಂಡು, ಅವ್ವ ಗಂಟು ಹಾಕಿದ್ದ ಜಾಗವನ್ನೇ ಬೆರಳಿನಿಂದ ಸವರುತ್ತ ಅತ್ತಳು. ಬಳ್ಳಿಯ ತುದಿ ಒಣಗುತ್ತ ಬಂದಿತ್ತು. ಇನ್ನು ಉಳಿದದ್ದು ಕಾಯಿ ಹೊತ್ತ ಒಂದೇ ಮೊಗ್ಗು. ಉರ್ದು ಬಲ್ಲವನೆಂಬ ಹೆಸರು ಹೋದರೆ ಹೋಗಲಿ, ಆ ಚೀಟಿಯನ್ನು ಬೇರೆಯವರಿಗೆ ತೋರಿಸಬೇಕಿತ್ತು ಎಂದು ಅಣ್ಣಾರಾಯನಿಗೆ ಮೊದಲ ಸಲ ಅನ್ನಿಸಿತು.

ಮರುದಿನವೇ ಹಕೀಮರು ಒಂದು ಹಲ್ಲು ಕಡಿಮೆಯಾಗಿ, ಬಾಯಿ ತುಂಬ ಮಾತಾಗಿ ಜೇವರ್ಗಿಯಿಂದ ಬಂದಿಳಿದರು. ಅಣ್ಣಾರಾಯ ಚೀಟಿ ಹಿಡಿದು ಅವರ ಮುಂದೆ ನಿಂತು, ಅದನ್ನು ತಾನು ಓದಿದ ಹಾಗೆಯೇ ಓದಿದ. ಕೆಮ್ಮಲಿಲ್ಲ.

ಹಕೀಮರು ಮೊದಲು ಗಾಬರಿಯಾದರು. ಆಮೇಲೆ ನಗಲು ಶುರುಮಾಡಿದವರು, ಹಲ್ಲು ಕಿತ್ತ ಜಾಗ ಹಿಡಿದುಕೊಂಡು ನಕ್ಕರು. ಬಾಗಿಲ ಹಿಂದೆ ಹಮೀದಾಬೇಗಂ ಬಳೆಗಳ ಸದ್ದಿನೊಂದಿಗೆ ನಕ್ಕರು.

"ಅಣ್ಣಾರಾಯ್ರ, ಶಹರ್ ಅಲ್ಲ, ಶಹದ್! ಜೇನತುಪ್ಪ! ಶಹದ್ ಕೀ ಮಖ್ಖಿ ಅಂದ್ರ ಜೇನಹುಳಾ. ಅದು ರೇ ಅಲ್ರಿ, ದಾಲ್!"

ಉರ್ದುವಿನಲ್ಲಿ ಆ ಎರಡು ಅಕ್ಷರಕ್ಕೂ ಇರುವುದು ಒಂದು ಸಣ್ಣ ಬಾಗಿನ ಅಂತರ. ಹಲ್ಲುನೋವಿನ ಕೈಯಲ್ಲಿ ಆ ಬಾಗು ನೆಟ್ಟಗಾಗಿಬಿಟ್ಟಿತ್ತು.

"ಮತ್ತ ದುವಾ ಮಾಡಬ್ಯಾಡ್ರಿ ಅಂತ..."

"ತೋಬಾ ತೋಬಾ! ಧುವಾಂ ಮತ್ ಕರೋ. ಹೊಗಿ ಹಾಕಬ್ಯಾಡ್ರಿ ಅಂತ ಬರದೇನಿ! ಗಂಡ ಹೂವಿನ ಹುಡಿ ಕಾಲಿಗೆ ಹಚ್ಕೊಂಡು ಹೆಣ್ಣ ಹೂವಿಗೆ ಒಯ್ದು ಮುಟ್ಟಸೂದು ಜೇನಹುಳಾನ. ಆ ಮುಟ್ಟೂದು ಆಗಲಿಲ್ಲಂದ್ರ ಕಾಯಿ ನಿಂದರಂಗಿಲ್ಲ. ನಮ್ಮಿಬ್ಬರ ನಡುವಿನ ಗೋಡ್ಯಾಗ ಜೇನ ಅದ. ಮೊದಲ ನಿಮ್ಮ ಕಡೀ ಬಾಗಲದಿಂದ ಹೋಗಿ ಬಂದು ಮಾಡ್ತಿದ್ದವು. ನೀವ ಹೊಗಿ ಹಾಕಿ ಹಾಕಿ ಆ ಬಾಗಲಾ ಮುಚ್ಚಸೀರಿ. ಈಗ ನಮ್ಮ ಕಡಿ ಬಾಗಲಾ ಮಾಡ್ಕೊಂಡಾವ. ಬಂದು ನೋಡ್ರಿ, ನಮ್ಮ ಹಿತ್ತಲಾಗ ಸವತಿಕಾಯಿ ಕಾಲಿಡಾಕ ಜಾಗಾ ಕೊಡವಲ್ಲವು."

ಅಣ್ಣಾರಾಯ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಮಾಡಬಾರದೆಂದು ಬರೆದದ್ದನ್ನು ದಿನಕ್ಕೆರಡು ಸಲ ಮಾಡಿಸಿ, ಮಾಡಬೇಕಾದದ್ದನ್ನು ಬಿಡಿಸಿ, ನಡುವೆ ನಾಲ್ಕು ಜಿಲೇಬಿಯನ್ನೂ ಕಳೆದಿದ್ದ. ಕಸ್ತೂರಿಬಾಯಿ ಎದ್ದು ಹೋಗಿ ಕೆಂಡದ ಮೇಲೆ ನೀರು ಸುರಿದಳು. ಆಮೇಲೆ ಬಳ್ಳಿಯ ಮುಂದೆ ನಿಂತು, ಇಷ್ಟು ದಿನದ ಬಾಕಿ ಸೇರಿಸಿ, ಘತ್ತರಗಿಯ ದಿಕ್ಕಿಗೆ ಬಹಳ ಹೊತ್ತು ಕೈಮುಗಿದಳು.

ಮೂರು ಸಂಜೆ ಅಣ್ಣಾರಾಯ ಹೊರಸಿನ ಮೇಲೆ ಕೂತು ಹೊಗೆಯಿಲ್ಲದೆ ಸೊಳ್ಳೆಗೆ ರಕ್ತದಾನ ಮಾಡಿದ. ನಾಲ್ಕನೆಯ ಬೆಳಿಗ್ಗೆ ಕೊನೆಯ ಮೊಗ್ಗು ಅರಳಿತು.

ಅಂದಿನ ಬೆಳಗನ್ನು ಅವನು ಎಂದೂ ಮರೆಯಲಿಲ್ಲ. ಹಿತ್ತಲ ತುಂಬ ತಣ್ಣನೆಯ ಬೆಳಕು. ಹೊಗೆಯ ಹಂಗಿಲ್ಲದ ಬಳ್ಳಿ ಎಷ್ಟು ಹಸಿರಾಗಿದೆ ಎಂಬುದು ಅವನಿಗೆ ಆಗಲೇ ಕಂಡದ್ದು. ತಾಟಿನ ನೀರಲ್ಲಿ ಆಕಾಶದ ಒಂದು ಚೂರು ಅಲುಗುತ್ತಿತ್ತು. ಗೋಡೆಯ ಸಂದಿಯಿಂದ ಒಂದು ಜೇನುಹುಳ ಹೊರಬಂದು, ಅನುಮಾನದಿಂದ ಗಾಳಿ ಮೂಸಿ, ತಾಟಿನ ಹರಳಿನ ಮೇಲೆ ಇಳಿದು ನೀರು ಕುಡಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹತ್ತು. ಗಂಡು ಹೂವಿನಲ್ಲಿ ಹೊರಳಾಡಿ, ಮೈಗೆಲ್ಲ ಅರಿಶಿನ ಬಳಿದುಕೊಂಡು, ಅವು ಆ ಕೊನೆಯ ಹೂವಿನೊಳಗೆ ಇಳಿದವು. ಗುಂಯ್ ಎಂಬ ಸಣ್ಣ ದನಿ ಹಿತ್ತಲನ್ನೆಲ್ಲ ತೂಗಿತು. ಕಸ್ತೂರಿಬಾಯಿ ಅವನ ಪಕ್ಕ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಟಾಂಗಾ ಇಲ್ಲ, ಶೇರವಾನಿ ಇಲ್ಲ. ಕನಸಿನ ಆ ನಗು ಮಾತ್ರ ಹಾಗೇ ಬಂದಿತ್ತು.

ಅಷ್ಟಕ್ಕೇ ಸುಮ್ಮನಿದ್ದರೆ ಅವನು ಅಣ್ಣಾರಾಯನೇ ಅಲ್ಲ. ಸಂತೋಷ ತಡೆಯದೆ ಹೂವಿನ ಹತ್ತಿರ ಮುಖ ಒಯ್ದು, ತನಗೆ ಬರುವ ಉರ್ದುವಿನಲ್ಲೆಲ್ಲ ಶ್ರೇಷ್ಠವಾದದ್ದನ್ನು ಆರಿಸಿ, "ಆಯಿಯೇ, ತಶ್ರೀಫ್ ರಖಿಯೇ," ಎಂದು ಅತಿಥಿಗಳಿಗೆ ಸ್ವಾಗತ ಹೇಳಿದ. ಒಂದು ಹುಳ ಆ ಆಮಂತ್ರಣವನ್ನು ಮನ್ನಿಸಿ ಅವನ ಮೇಲ್ತುಟಿಯ ಮೇಲೆ ಕೂತು, ಕಚ್ಚಿತು.

ಅರ್ಧ ಗಳಿಗೆಯಲ್ಲಿ ತುಟಿ ಊದಿ ಮೂಗು ಮುಟ್ಟಿತು. ಕಸ್ತೂರಿಬಾಯಿ ಸುಣ್ಣ ಹಚ್ಚಿದಳು. ಅದು ಇನ್ನೂ ಉರಿಯಿತು. ಅವನ ಬಾಯಿಂದ ಹೊರಟದ್ದು "ಬೂ... ಬೂ..." ಎಂಬಷ್ಟೇ. ಬೇವಿನ ಎಲೆ ಅರೆದು ತುಟಿಗೆ ಹಚ್ಚಿದರೆ ತಂಪಾಗುತ್ತದೆಂದು ಅವನಿಗೆ ನೆನಪಾಯಿತು. ಕಾಗದ ತೆಗೆದುಕೊಂಡು, ಈ ಸಲ ಅಚ್ಚ ಕನ್ನಡದಲ್ಲಿ, ದುಂಡಗೆ ಬರೆದು ಕೊಟ್ಟ. ಕಸ್ತೂರಿಬಾಯಿ ಅಕ್ಷರ ಕೂಡಿಸಿ ಜೋರಾಗಿ ಓದಿದಳು:

"ಬೇ-ವಿ-ನ ತಪ್-ಪ-ಲಾ ಹಚ್-ಚು."

ಆಮೇಲೆ ಅವಳ ದನಿ ಮಾಳಿಗೆ ಮುಟ್ಟಿತು.

"ಇನ್ನೂ ಬುದ್ಧಿ ಬರಲಿಲ್ಲೇನ್ರಿ ನಿಮಗ! ಹುಳಾ ಹೂವಿನ್ಯಾಗ ಕುಂತಾವ, ಇವ್ರಿಗೆ ಹೊಗಿ ಬೇಕಂತ!"

"ಬೂ! ಬೂ!" ಅಣ್ಣಾರಾಯ ತಲೆಯಾಡಿಸಿದ. ಅರೆಯುವುದನ್ನು ತೋರಿಸಲು ಎರಡು ಬೆರಳನ್ನು ಅಂಗೈಗೆ ಉಜ್ಜಿದ. ಅದು ಥೇಟ್ ಕಡ್ಡಿ ಗೀರಿದ ಹಾಗೆ ಕಂಡಿತು. ಕಸ್ತೂರಿಬಾಯಿ ಒಳಗೋಡಿ ಬೆಂಕಿಪೊಟ್ಟಣವನ್ನು ಅವನ ಕೈಗೆ ಸಿಗದಂತೆ ಸೊಂಟಕ್ಕೆ ಸಿಗಿಸಿಕೊಂಡು ಬಂದಳು. ಗದ್ದಲ ಕೇಳಿ ಗೋಡೆಯಾಚೆಯಿಂದ ಹಕೀಮರ ಟೊಪ್ಪಿಗೆ ಮೂಡಿತು.

"ಅಣ್ಣಾರಾಯ್ರ, ಎಷ್ಟ ಸಲ ಹೇಳ್ಬೇಕ್ರಿ? ಧುವಾಂ ಮತ್ ಕರೋ!"

"ನೀವೇನ ಚಿಂತಿ ಮಾಡಬ್ಯಾಡ್ರಿ ಹಕೀಮ ಸಾಹೇಬ್ರ," ಕಸ್ತೂರಿಬಾಯಿ ಸೆರಗು ಸರಿಮಾಡಿಕೊಂಡಳು. "ಧುವಾಂ ಮಾಡಾಕ ಬಿಡಂಗಿಲ್ಲ. ಬೇಕಾದ್ರ ಇವರ ತುಟಿ ಸಲುವಾಗಿ ನಾ ದುವಾ ಮಾಡ್ತೇನಿ."

ನಾಲ್ಕು ದಿನ ಅಣ್ಣಾರಾಯ ಮಾತಿಲ್ಲದೆ ಕೂತ. ನೋಟೀಸು ಹಿಡಿದು ಬಂದವರನ್ನು ಕಸ್ತೂರಿಬಾಯಿಯೇ ಹಕೀಮರ ಮನೆಗೆ ಕಳಿಸಿದಳು. ಅವನು ಹೊರಸಿನ ಮೇಲೆ ಮಲಗಿ ಎಲೆಗಳ ಸಂದಿಯಿಂದ ಆ ಒಂದು ಕಾಯಿಯನ್ನೇ ನೋಡಿದ. ತುಟಿ ಇಳಿಯುತ್ತ ಬಂದಂತೆ ಕಾಯಿ ಉಬ್ಬುತ್ತ ಹೋಯಿತು. ಐದನೆಯ ದಿನ ಬಂತು. ಕಾಯಿ ಹಳದಿಯಾಗಲಿಲ್ಲ. ನಿಂಬೆಹಣ್ಣಿನಷ್ಟು ದಪ್ಪವಾಗಿ, ಕಡು ಹಸಿರಾಗಿ, ತೊಟ್ಟು ಬಿಗಿಹಿಡಿದು ನಿಂತಿತ್ತು. ಅವನ ಬಾಯಿಗೂ ಮಾತು ಬಂತು.

"ಕಸ್ತೂರಿ, ಅವತ್ತು ನಾ ಬರದದ್ದು ಹೊಗಿ ಹಾಕು ಅಂತ ಅಲ್ಲ. ಬೇವಿನ ತಪ್ಪಲಾ ಅರದು ತುಟಿಗೆ ಹಚ್ಚು ಅಂತ."

ಕಸ್ತೂರಿಬಾಯಿ ಕಾಯಿಯ ಕೆಳಗೆ ಮೆತ್ತಗೆ ಹುಲ್ಲಿನ ಸಿಂಬಿ ಇಡುತ್ತಿದ್ದಳು. ತಿರುಗಿ ನೋಡಲಿಲ್ಲ.

"ಗೊತ್ತಾತ್ರಿ, ಅವತ್ತ ಮಧ್ಯಾಹ್ನನ ಗೊತ್ತಾತು."

"ಗೊತ್ತಾಗಿದ್ರ ಯಾಕ ಹಚ್ಚಲಿಲ್ಲ?"

"ನೀವು ಬಾಯಿ ಮುಚ್ಕೊಂಡು ಕುಂತ್ರಿ, ಕಾಯಿ ನಿಂತಿತು," ಎಂದಳು ಅವಳು. "ಹಣ್ಣಾಗಾಕ ಇನ್ನೂ ಎರಡ ತಿಂಗಳ ಅದ. ನೀವ ಹುಳಾ ಕುಂತ ಹೂವಿನ ಹಂತ್ಯಾಕ ಮತ್ತೊಮ್ಮಿ ಹೋಗಿ ಸ್ವಲ್ಪ 'ತಶ್ರೀಫ್' ಅಂದು ಬರ್ತೀರೇನ್ರಿ?"